ದಿಂಡಿಗಲ್‌ನಿಂದ ತಂದ ಮೂವತ್ತೆಂಟು ಫ್ಲಾಪಿ

ನನ್ನ ಕಂಪ್ಯೂಟರಿಗೆ ಸಿಡಿ ಡ್ರೈವ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮೂವತ್ತೆಂಟು ಫ್ಲಾಪಿ ಹೊತ್ತುಕೊಂಡು ಯಾಕೆ ಬಸ್ಸು ಹತ್ತುತ್ತಿದ್ದೆ ಅನ್ನುವುದು ಯಾರಿಗೂ ಅರ್ಥವಾಗುವುದಿಲ್ಲ.

ವೇದಸಂದೂರು ಕಡೆಯ ಒಂದು ನೂಲಿನ ಮಿಲ್ಲಿನವರು ಬೇಡವೆಂದು ಮೂಲೆಗೆ ಹಾಕಿದ್ದ ಯಂತ್ರ ಅದು. ಅಲ್ಲಿ ಫಿಟ್ಟರ್ ಆಗಿದ್ದ ಮಾವ ಕೇಳಿ ಪಡೆದು, ಗೋಣಿಚೀಲದಲ್ಲಿ ಸುತ್ತಿ ನಮ್ಮೂರು ಹನುಮಂತನಪಟ್ಟಿಗೆ ತಂದುಕೊಟ್ಟರು. ನಮ್ಮ ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ದ್ರಾಕ್ಷಿಗೆ ಔಷಧಿ ಹೊಡೆಯುವ ಸ್ಪ್ರೇಯರ್ ಪಕ್ಕದಲ್ಲಿ. ಊರೆಲ್ಲ ಬಳಸುತ್ತಿದ್ದ ಸಿಸ್ಟಮ್ಮನ್ನು ಎಳೆಯುವಷ್ಟು ಶಕ್ತಿ ಅದಕ್ಕಿರಲಿಲ್ಲ. ಲಿನಕ್ಸ್ ಆದರೆ ಏಳುತ್ತದೆ ಅಂದವರು ದಿಂಡಿಗಲ್‌ನಲ್ಲಿ ಬೀಗದ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಮಾಸ್ಟರ್. ಅವರ ಹತ್ತಿರ ಅದರ ಸಿಡಿ ಇತ್ತು. ಅದನ್ನು ಫ್ಲಾಪಿಗಳಿಗೆ ಹಂಚಿ ತುಂಬಿಕೊಂಡು ಹೋಗು ಅಂದರು.

ಆ ಲಿನಕ್ಸ್ ಹಾಕುವುದೆಂದರೆ ಈಗಿನ ಹಾಗೆ ಒಂದು ಗುಂಡಿ ಒತ್ತುವುದಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಡಿಸ್ಕನ್ನು ಎಷ್ಟು ಪಾಲು ಮಾಡಬೇಕು, ಯಾವ ಪಾಲು ಯಾವುದಕ್ಕೆ, ಎಲ್ಲವನ್ನೂ ನಾವೇ ಲೆಕ್ಕ ಹಾಕಿ ಟೈಪ್ ಮಾಡಬೇಕು. ತಪ್ಪಾದರೆ ಅದು ಬೈಯುವುದೂ ಇಲ್ಲ, ಸುಮ್ಮನೆ ನಿಲ್ಲುತ್ತದೆ. ನನಗೆ ಹಿಡಿಸಿದ್ದೇ ಅದು. ಶಾಲೆಯಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಇದು ಪ್ರತಿಯೊಂದನ್ನೂ ಕೇಳುತ್ತಿತ್ತು.

ಪ್ಲಸ್ ಟೂ ಗಣಿತದಲ್ಲಿ ಎರಡು ಸಲ ಫೇಲಾಗಿದ್ದೆ. ತೇನಿಯಲ್ಲಿ ಚಿಕ್ಕಪ್ಪನ ಔಷಧಿ ಅಂಗಡಿ ಇತ್ತು, ಗಿಡಕ್ಕೆ ಹೊಡೆಯುವ ಔಷಧಿ. ದಸರಾ ಹಬ್ಬ ಕಳೆದ ಮೇಲೆ ನನ್ನನ್ನು ಅಲ್ಲಿ ಕೂರಿಸುವುದೆಂದು ಅಪ್ಪ ತೀರ್ಮಾನಿಸಿ ಆಗಿತ್ತು. ಆಗಲೇ ಮಾಸ್ಟರ್ ಈ ಮಾತು ಹೇಳಿದ್ದು. ನಮ್ಮ ಮನೆಮಾತು ಕನ್ನಡ, ಅವರು ಮಾತಾಡುತ್ತಿದ್ದದ್ದು ತಮಿಳು. "ಮಾವ ಕೆಲಸ ಮಾಡೋ ಅದೇ ಮಿಲ್ಲು, ತಂಬಿ. ಆರು ಮೆಷಿನ್ ಜೋಡಿಸ್ತಾರಂತೆ. ನೋಡಿಕೊಳ್ಳೋಕೆ ಒಬ್ಬ ಆಳು ಬೇಕು. ಸರ್ಟಿಫಿಕೇಟ್ ಬೇಡ, ಹಾಕಿ ತೋರಿಸಿದರೆ ಸಾಕು ಅಂದಿದ್ದಾರೆ. ವಿಜಯದಶಮಿ ಮರುದಿನ ಮ್ಯಾನೇಜರ್ ಇಲ್ಲಿಗೆ ಬರ್ತಾರೆ. ನಿನ್ನ ಮೆಷಿನ್ ತಗೊಂಡು ಬಾ. ಸ್ವಿಚ್ ಹಾಕಿದರೆ ಲಾಗಿನ್ ಕೇಳಬೇಕು. ಅಷ್ಟೇ."

ಅಷ್ಟೇ. ಅದಕ್ಕಾಗಿ ಐದು ಭಾನುವಾರ ದಿಂಡಿಗಲ್‌ಗೆ ಹೋಗಿಬಂದೆ. ಮೊದಲ ಸಲ ಹನ್ನೊಂದನೆಯ ಫ್ಲಾಪಿ ಓದಲಿಲ್ಲ. ಎರಡನೆಯ ಸಲ ಹನ್ನೊಂದು ಸರಿಯಾಗಿತ್ತು, ಮೂವತ್ತು ಹೋಗಿತ್ತು. ಮಧ್ಯದಲ್ಲಿ ಒಂದು ಕೈಕೊಟ್ಟರೂ ಸಿಸ್ಟಮ್ ಅರ್ಧಕ್ಕೆ ನಿಲ್ಲುತ್ತಿತ್ತು. ಅಳಿಸಿ ಮತ್ತೆ ಮೊದಲಿಂದ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನ್ಲಾ, ಇನ್ನೂ ತಿನ್ನುಸ್ತಾನೆ ಇದೀಯಾ? ಇಷ್ಟು ತಿಂದಿದ್ರೆ ಎತ್ತು ಎರಡು ಎಕರೆ ಉತ್ತಿರ್ತಿತ್ತು."

"ಇನ್ನೊಂದು ವಾರ ಅಯ್ಯಾ."

"ಆಗ್ಲಿ. ಚಿಕ್ಕಪ್ಪನಿಗೂ ಅದೇ ಹೇಳಿವ್ನಿ."

ಐದನೆಯ ಭಾನುವಾರ ಒಂದೊಂದು ಫ್ಲಾಪಿಯನ್ನೂ ಮಾಸ್ಟರ್ ಮೆಷಿನ್ನಿನಲ್ಲೇ ಎರಡೆರಡು ಸಲ ಓದಿಸಿ ನೋಡಿದೆ. ಮೂವತ್ತೆಂಟೂ ಸರಿ. ಮನೆ ಸೇರುವಾಗ ನಡುರಾತ್ರಿ, ಮರುದಿನವೇ ಆಯುಧ ಪೂಜೆ. ಆ ದಿನ ನಮ್ಮಲ್ಲಿ ಯಾವ ಸಾಮಾನನ್ನೂ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ದ್ರಾಕ್ಷಿ ಕತ್ತರಿ, ಗುದ್ದಲಿ, ಸ್ಪ್ರೇಯರ್, ಅಪ್ಪನ ಮೊಪೆಡ್, ಎಲ್ಲ ತೊಳೆದು ಸಾಲಾಗಿ ಇಡುತ್ತಾರೆ. ನನ್ನ ಲೆಕ್ಕ ಹೀಗಿತ್ತು: ಸೋಮವಾರ ಪೂಜೆ, ಮಂಗಳವಾರ ವಿಜಯದಶಮಿ, ಆ ದಿನ ಐದಾರು ಗಂಟೆಯಲ್ಲಿ ಹಾಕಿ ಮುಗಿಸುವುದು, ಬುಧವಾರ ದಿಂಡಿಗಲ್.

ಫ್ಲಾಪಿ ಡಬ್ಬವನ್ನು ಪೂಜೆಗೆ ಇಟ್ಟವನು ನಾನೇ. ಯಾರೂ ಹೇಳಿರಲಿಲ್ಲ. ನಾಲ್ಕು ವಾರ ಸೋತಿದ್ದೆ, ಯಾವ ದೇವರಾದರೂ ಕೈ ಹಿಡಿಯಲಿ ಅನ್ನಿಸಿತ್ತು. ಕತ್ತರಿಗಳ ಪಕ್ಕದಲ್ಲಿಟ್ಟು, ನಿಲಕ್ಕೋಟ್ಟೈಯಿಂದ ಬಂದಿದ್ದ ಸೇವಂತಿಗೆ ತರಲು ಬೀದಿಗೆ ಹೋದೆ. ತಿರುಗಿ ಬಂದಾಗ ಅವ್ವ, ಅಪ್ಪನ ತಾಯಿ, ಡಬ್ಬ ಬಿಚ್ಚಿಕೊಂಡು ಕೂತಿದ್ದಳು. ಮೂವತ್ತೆಂಟನ್ನೂ ನೆಲದ ಮೇಲೆ ಹರಡಿದ್ದಳು. ಒಂದೊಂದಕ್ಕೂ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ.

"ಅವ್ವಾ, ಡಬ್ಬಕ್ಕೆ ಇಟ್ಟಿದ್ರೆ ಸಾಕಾಗಿತ್ತಲ್ಲ."

"ಕತ್ತರಿ ಒರೆಗೆ ಇಡ್ತಾರಾ ಸಾಮಿ? ಕತ್ತರಿಗೆ ತಾನೆ ಇಡ್ತಾರೆ."

"ಇದರಲ್ಲಿ ಎಲ್ಲಿಟ್ಟೆ?"

"ಎಲ್ಲಿಟ್ಟೆ ಅಂದ್ರೆ? ಕಬ್ಬಿಣದ ಮೇಲೆ. ಆಯುಧ ಅಂದ್ರೆ ಕಬ್ಬಿಣಕ್ಕೆ ತಾನೆ."

ಫ್ಲಾಪಿಯ ತುದಿಯಲ್ಲಿ ಹೊಳೆಯುವ ಒಂದು ತಗಡಿನ ಮುಚ್ಚಳ ಇರುತ್ತದೆ. ಸರಿಸಿದರೆ ಸರಿಯುತ್ತದೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ತೆಳ್ಳನೆಯ ಡಿಸ್ಕು. ಅವ್ವ ಬೊಟ್ಟು ಇಟ್ಟಿದ್ದದ್ದು ಸರಿಯಾಗಿ ಆ ತಗಡಿನ ಮೇಲೆ. ಗಂಧವನ್ನು ನೀರಾಗಿಯೇ ತೇಯ್ದಿದ್ದಳು. ಬೆರಳು ತಾಗಿ ಎಷ್ಟು ಮುಚ್ಚಳ ಸರಿದಿದ್ದವೋ, ಒಳಗೆ ಎಷ್ಟು ಇಳಿದಿತ್ತೋ, ತಿಳಿಯಲು ಅಂದು ಮುಟ್ಟುವ ಹಾಗಿರಲಿಲ್ಲ. ಮುಟ್ಟಿದ್ದರೂ ತಡೆಯುತ್ತಿದ್ದದ್ದು ಅವ್ವ ಒಬ್ಬಳೇ. ಆದರೂ ನಾನು ಮುಟ್ಟಲಿಲ್ಲ. ಇಡೀ ದಿನ ಅದು ಒಣಗಲು ಬಿಟ್ಟೆ.

ಮಂಗಳವಾರ ಬೆಳಿಗ್ಗೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೂ ಒರೆಸಿದೆ. ಹೊರಗೆ ಎಲ್ಲವೂ ಹೊಳೆಯಿತು. ಮೊದಲನೆಯ ಫ್ಲಾಪಿ ಓದಿತು. ಎರಡು, ಮೂರು, ನಾಲ್ಕು. ಡಿಸ್ಕಿನ ಪಾಲು ಮಾಡಿದೆ, ಕೇಳಿದ್ದಕ್ಕೆಲ್ಲ ಕಣ್ಣು ಮುಚ್ಚಿಕೊಂಡು ಉತ್ತರ ಕೊಟ್ಟೆ, ಅಷ್ಟು ಬಾಯಿಪಾಠವಾಗಿತ್ತು. ಐದನೆಯದನ್ನು ಹಾಕಿದಾಗ ಡ್ರೈವ್ ಗರಗರ ಅಂದಿತು. ಓದಲಾಗುತ್ತಿಲ್ಲ ಎಂಬ ಒಂದು ಸಾಲು ಬಂದು ನಿಂತಿತು. ತೆಗೆದು ಒರೆಸಿ ಮತ್ತೆ ಹಾಕಿದೆ. ಅದೇ ಸಾಲು. ಆರನೆಯದನ್ನು ಹಾಕಿ ನೋಡಿದೆ, ಅದೂ ಓದಲಿಲ್ಲ. ಹೆದರಿ ಮೊದಲನೆಯದನ್ನೇ ಮತ್ತೆ ತುರುಕಿದೆ. ಅರ್ಧ ಗಂಟೆ ಹಿಂದೆ ಓದಿದ್ದ ಅದೂ ಈಗ ಓದಲಿಲ್ಲ. ಕೆಟ್ಟದ್ದು ಫ್ಲಾಪಿ ಮಾತ್ರ ಅಲ್ಲ, ಡ್ರೈವೂ ಹೋಗಿತ್ತು. ಸ್ಕ್ರೂ ಬಿಚ್ಚಿ ನೋಡಿದರೆ ಓದುವ ಮುಳ್ಳಿನ ತುದಿಗೆ ಕುಂಕುಮ ಕೆಂಪಗೆ ಮೆತ್ತಿಕೊಂಡಿತ್ತು.

"ಎದ್ದಿತಾ ಸಾಮಿ?" ಅವ್ವ ಅಡುಗೆಮನೆಯಿಂದ ಕೇಳಿದಳು.

"ಏಳ್ತಾ ಇದೆ ಅವ್ವ."

ಬುಧವಾರ ಯಂತ್ರವನ್ನು ಹೊತ್ತುಕೊಂಡೇ ಹೋದೆ. ಯಾಕೆ ಹೊತ್ತೆನೋ. ಮ್ಯಾನೇಜರ್ ಆಗಲೇ ಬಂದು ಕಾಫಿ ಕುಡಿಯುತ್ತಿದ್ದರು. ಮಾಸ್ಟರ್ ಸ್ವಿಚ್ ಹಾಕಿದರು. ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿನುಗಿತು, ಬೇರೇನೂ ಬರಲಿಲ್ಲ. ನಾನು ನಡೆದದ್ದು ಹೇಳಿದೆ. ಮ್ಯಾನೇಜರ್ ಬಗ್ಗಿ ಡ್ರೈವಿನ ಒಳಗೆ ನೋಡಿ, "ಮಾಸ್ಟರ್, ನಿಮ್ಮ ಹುಡುಗ ಭಕ್ತಿಯಲ್ಲಿ ಪಾಸ್" ಅಂದರು.

ಮಾಸ್ಟರ್ ನಗಲಿಲ್ಲ. "ಬಾಯಲ್ಲಿ ಹೇಳು ತಂಬಿ. ಮೊದಲಿಂದ."

ಹೇಳಿದೆ. ಡಿಸ್ಕಿನ ಪಾಲುಗಳಿಂದ ಹಿಡಿದು ಲಾಗಿನ್ ಕೇಳುವವರೆಗೆ ಒಂದು ಕಮಾಂಡೂ ಬಿಡದೆ. ಎಲ್ಲಿ ಏನು ಎಡವುತ್ತದೆ, ಎಡವಿದರೆ ಏನು ಮಾಡಬೇಕು, ಅದನ್ನೂ. ಹಾಗೆ ನಾನು ಯಾರ ಮುಂದೆಯೂ ಅಷ್ಟು ಹೊತ್ತು ಮಾತಾಡಿದವನಲ್ಲ.

"ಇವನಿಗೆ ಗೊತ್ತು ಸಾರ್," ಅಂದರು ಮಾಸ್ಟರ್. "ಎರಡು ದಿನ ಕೊಡಿ. ಬೇರೆ ಡ್ರೈವ್ ಹಾಕಿ ತೋರಿಸ್ತಾನೆ."

"ಎರಡು ದಿನ ಎಲ್ಲಿದೆ? ನಾಳೆ ಮೆಷಿನ್ ಇಳೀತವೆ. ನಿನ್ನೆ ಮಧುರೆಯಿಂದ ಒಬ್ಬ ಬಂದು ತೋರಿಸಿಹೋದ. ನಿಮ್ಮ ಮಾತಿಗೆ ಅಂತ ಇವತ್ತು ಬಂದೆ." ಲೋಟ ಕೆಳಗಿಟ್ಟು ಎದ್ದರು.

ಮನೆಗೆ ಬಂದಾಗ ಅಪ್ಪ ನನ್ನ ಮುಖ ನೋಡಿ, "ನಾಳೆ ಆರಕ್ಕೆ ಚಿಕ್ಕಪ್ಪ ಬರ್ತಾನೆ, ರೆಡಿಯಾಗಿರು," ಅಂದರು. ಅವ್ವ ಅನ್ನ ಬಡಿಸುತ್ತಿದ್ದಳು.

"ಮತ್ತೆ ಮುಂದಿನ ವಾರ ಓಗ್ತಿಯಲ್ಲ ದಿಂಡಿಗಲ್‌ಗೆ?"

"ಓಗಲ್ಲ ಅವ್ವ. ಬೇರೆ ಆಳು ಸಿಕ್ಬುಟ್ಟ ಅವರಿಗೆ."

"ಯಾವೂರೋನು?"

"ಮಧುರೆ."

"ಮಧುರೆಯಿಂದ ಅಷ್ಟು ದೂರ ಬಂದು ಇರ್ತಾನಾ ಅವನು?" ಅಂದಳು. ನನ್ನ ತಟ್ಟೆಗೆ ಸಾರು ಹಾಕಿದಳು. "ಇರ್ತಾನೆ ಬಿಡು. ಕೆಲಸ ಅಂದ್ರೆ ಇರ್ತಾನೆ."