ದೊಡ್ಡಮ್ಮ ನನ್ನಲ್ಲಿಟ್ಟ ಫಿಲ್ಮು

ಬೀರುವಿನ ಮೇಲಿಂದ ಹಳೆಯ ಪೆಟ್ಟಿಗೆ ಇಳಿಸುವಾಗ ಆ ದೊಡ್ಡ ಲಕೋಟೆ ಕೈಗೆ ಬಂತು. ಒಳಗೆ ಎಂಆರ್‌ಐ ಫಿಲ್ಮು ಎರಡು. ಅವುಗಳಲ್ಲಿರುವ ತಲೆ ನನ್ನದಲ್ಲ, ಗೌನಿಪಲ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮನದು. ರಕ್ತಸಂಬಂಧವೇನಿಲ್ಲ, ಆದರೆ ಹಾಗೆ ಕರೆಯದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ.

ಬದುಕೆಲ್ಲ ರೇಷ್ಮೆ ಹುಳು ಸಾಕಿದವಳು. ಹುಳು ಪೊರೆ ಬಿಡುವ ಮುನ್ನ ತಲೆಯೆತ್ತಿ ಅಲುಗದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದಲ್ಲಿ ಸೊಪ್ಪು ಹಾಕಬಾರದೆಂದು ಊರಿಗೆಲ್ಲ ಕಲಿಸಿದವಳೇ ಒಮ್ಮೆ ನಾಲ್ಕನೇ ಜ್ವರದ ಹುಳುಗಳ ಮೇಲೆ ಸೊಪ್ಪು ಸುರಿದಳು. ಬೆಳೆ ಕೆಟ್ಟಿತು. ಮಗ ಕೋಲಾರಕ್ಕೆ ಕರೆದೊಯ್ದ, ಜೊತೆಗೆ ನಾನೂ ಹೋದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ನೆನಪು ಕಾಯುವ ಜಾಗ ಸವೆದಿದೆ, ಬೇರೆ ಪರೀಕ್ಷೆಗಳೂ ಅದನ್ನೇ ಹೇಳುತ್ತಿವೆ, ಅಲ್ಝೈಮರ್ ಎಂದರು. ವರ್ಷ ಬಿಟ್ಟು ಮತ್ತೆ ತೆಗೆಸಿ, ಹೋಲಿಸಿ ನೋಡಬೇಕಂತೆ.

ಮಗ ಅಂದೇ ಹುಳುಮನೆಗೆ ಬೀಗ ಹಾಕಿದ. ಕೆಟ್ಟವನಲ್ಲ, ಹೆದರಿದ್ದ. ಆದರೂ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತಲ್ಲ ಎಂದು ನನಗೆ ರೇಗಿತ್ತು. ಅವಳು ಬೀಗದ ಮಾತೆತ್ತಿದಾಗಲೆಲ್ಲ ಅವನು ಫಿಲ್ಮು ತೋರಿಸುತ್ತಿದ್ದ. ಒಂದು ಬೆಳಿಗ್ಗೆ ದೊಡ್ಡಮ್ಮ ಲಕೋಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು.

"ಇದ್ನ ನೀನಿಟ್ಕೋ ಕಣೇ. ಹೋಗಿರೋದನ್ನೇ ತೋರಿಸ್ತದೆ ಇದು. ಉಳ್ದಿರೋದ್ನ ನಾನು ತೋರಿಸ್ತೀನಿ."

ಹೋದವಳೇ ಹುಳುಮನೆ ಬಾಗಿಲಲ್ಲಿ ಚಾಪೆ ಹಾಸಿ ಕೂತಳು. ಮೂರು ದಿನ ಊಟವೂ ಅಲ್ಲೇ. ನಾಲ್ಕನೇ ದಿನ ಮಗ ಬೀಗ ತೆಗೆದ. ಸೊಪ್ಪು ಹಾಕುವುದು ಅವನು, ಗೂಡು ಕಟ್ಟುವಷ್ಟು ಹಣ್ಣಾದ ಹುಳು ಆರಿಸುವುದು ಅವಳು ಎಂದು ಒಪ್ಪಂದವಾಯಿತು.

ವರ್ಷದ ಮೇಲಿನ ಸ್ಕ್ಯಾನಿನಲ್ಲಿ ಸವೆತ ಹೆಚ್ಚಿತ್ತು. ಆ ಫಿಲ್ಮೂ ನಮ್ಮ ಮನೆಗೇ ಬಂತು. ಅಷ್ಟರಲ್ಲಿ ನನ್ನ ಹೆಸರು ಮರೆತಿದ್ದಳು… ನಾನು ಯಾರ ಮಗಳೆಂಬುದೂ. ಅದೇ ವಾರ ಹುಳು ಹಣ್ಣಾದವು. ಒಂದೊಂದನ್ನೇ ಬೆಳಕಿಗೆ ಹಿಡಿದು, ಮೈ ತಿಳಿಯಾದದ್ದನ್ನು ಮಾತ್ರ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ನಾನು ಆರಿಸಿದ್ದರಲ್ಲಿ ಮೂರನ್ನು ತಟ್ಟೆಗೆ ವಾಪಸು ಹಾಕಿದಳು.

"ಇನ್ನೂ ಹಣ್ಣಾಗಿಲ್ಲ. ನಿಂಗ್ಯಾರು ಕಲಿಸಿದ್ದು?"

ಕಲಿಸಿದ್ದು ಅವಳೇ. ನೋಡುತ್ತ ನಿಂತಿದ್ದ ಮಗ ಬೀಗದ ಕೈಯನ್ನು ಅವಳ ಸೆರಗಿನ ತುದಿಗೆ ಗಂಟು ಹಾಕಿದ.

ಹೋದ ವರ್ಷ ಅವಳು ಹೋದಳು. ಕೊನೆಗೆ ಅವಳಿಗೆ ಹುಳುವೂ ಮರೆತಿತ್ತು, ಸುಳ್ಳು ಹೇಳಲಾರೆ. ಡಾಕ್ಟರು ಹೇಳಿದ್ದೆಲ್ಲ ನಿಜವಾಯಿತು… ಈಗ ಕಿಟಕಿಯ ಬೆಳಕಿಗೆ ಎರಡೂ ಫಿಲ್ಮು ಹಿಡಿದಿದ್ದೇನೆ. ಇವನ್ನು ಇಟ್ಟುಕೋ ಎಂದಿದ್ದಳು, ಇಟ್ಟುಕೊಂಡಿದ್ದೇನೆ. ಇವು ತೋರಿಸುವಷ್ಟೇ ನಾನು ಎಂದು ಅವಳು ಎಂದೂ ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ.