ಹಿಂಬಾಗಿಲಿನ ಬೆಳಕು

ಬೀದಿಯವರು ಅವಳಿಗಿಟ್ಟ ಹೆಸರು ಸೂಜಿಕಣ್ಣಿ. ಹೊಲಿಗೆ ಅವಳ ಕಸುಬು, ಅನುಮಾನ ಅವಳ ಸ್ವಭಾವ. ಹಾಲು ತಂದರೆ ಮೂಸಿ ನೋಡುವಳು, ಯಾರಾದರೂ ಹೊಗಳಿದರೆ, "ಏನಾಗ್ಬೇಕಿತ್ತು?" ಎನ್ನುವಳು.

ಮೊದಲು ಹೀಗಿರಲಿಲ್ಲ. ತಂಗಿ ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು, ಅವಳೂ ಜೊತೆಯ ಹೆಂಗಸರೂ ಹೊರಬರಲಾರದೆ ಸತ್ತ ಮೇಲೆ ಹೀಗಾದಳು. ಹಿಂಬಾಗಿಲಿಗೆ ಸದಾ ಬೀಗ ಜಡಿದಿರುತ್ತದೆಂದು ತಂಗಿ ಗೊಣಗುತ್ತಿದ್ದಳು. ಮಾಲೀಕರು ಮಾತ್ರ, ಬಾಗಿಲು ತೆರೆದೇ ಇತ್ತು, ಗಾಬರಿಯಲ್ಲಿ ಯಾರಿಗೂ ಕಾಣಲಿಲ್ಲ ಎಂದರು. ವಿಚಾರಣೆಗೆ ಬಂದವರೂ ಹೂಂಗುಟ್ಟಿ ಹೋದರು.

ವರ್ಷಗಳ ಮೇಲೆ ಒಬ್ಬ ಯುವತಿ ಬಾಗಿಲು ತಟ್ಟಿದಳು. ಸತ್ತವರ ನೆನಪಿಗೆ ಕಾರ್ಖಾನೆಯ ಗೋಡೆಯ ಮೇಲೆ ದೀಪಗಳ ಕಲಾಕೃತಿ ಮಾಡುವವಳಂತೆ.

"ನಿಮ್ಮ ತಂಗಿಗೆ ಯಾವ ಬಣ್ಣ ಇಷ್ಟ ಇತ್ತಮ್ಮ?"

"ಬಣ್ಣದ ಮಾತು ಬೇಡ. ಯಾರು ಕಳಿಸಿದ್ದು ನಿನ್ನ?"

"ನಗರಸಭೆಯವರು."

"ಇಷ್ಟು ವರ್ಷ ಇಲ್ಲದ ಅಕ್ಕರೆ ಈಗೆಲ್ಲಿಂದ ಉಕ್ಕಿತು?"

ಯುವತಿ ತಲೆತಗ್ಗಿಸಿ ಹೊರಟಳು. ಪಕ್ಕದಲ್ಲೇ ಕೂತಿದ್ದ ತಂಗಿಯ ಗಂಡ ಅವಳ ಹಿಂದೆ ಓಡಿ, "ಹಳದಿ" ಎಂದು ಹೇಳಿ ಬಂದ. ಸೂಜಿಕಣ್ಣಿ ಅವನೊಂದಿಗೆ ಎರಡು ದಿನ ಮಾತು ಬಿಟ್ಟಳು.

ದೀಪಗಳನ್ನು ಪರೀಕ್ಷಿಸಿ ನೋಡುವ ಸಂಜೆ, ಬೇಡ ಬೇಡ ಎನ್ನುತ್ತಲೇ ಹೋದಳು. ಸತ್ತ ಒಬ್ಬೊಬ್ಬರಿಗೂ ಒಂದೊಂದು ಕಿಟಕಿ ಬೆಳಗಿತು. ಹಳದಿ ಕಿಟಕಿ ಕಂಡು ತಂಗಿಯ ಗಂಡ ಗಳಗಳನೆ ಅತ್ತುಬಿಟ್ಟ. ಅವಳ ಕಣ್ಣೂ ತುಂಬಿತು. ಆದರೂ ಒಳಗೇನೋ ಚುಚ್ಚಿತು. ಮುಂಭಾಗಕ್ಕೇ ಯಾಕೆ ಇಷ್ಟೆಲ್ಲ ಸಿಂಗಾರ? ಕಟ್ಟಡ ಸುತ್ತಿಕೊಂಡು ಹಿಂದಿನ ಓಣಿಗೆ ಹೋದಳು. ಅಲ್ಲಿ ಕತ್ತಲೆ. ಕೈಯಾಡಿಸಿದರೆ ನುಣುಪಾದ ಹೊಸ ಗಾರೆ. ಬಾಗಿಲೇ ಇರಲಿಲ್ಲ! ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟಿದ್ದರು.

ಯುವತಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. "ಇದನ್ನ ಮುಚ್ಚೋಕೇ ಅಲ್ವಾ ನಿನ್ನ ದೀಪ?"

ಯುವತಿ ಬಿಳಿಚಿಕೊಂಡಳು. "ಇಲ್ಲಿ ಬಾಗಿಲಿತ್ತು ಅಂತ ನಂಗೆ ಯಾರೂ ಹೇಳ್ಲಿಲ್ಲಮ್ಮ."

"ಹೇಳೋರೆಲ್ಲ ಒಳಗೇ ಸತ್ರು."

ಉದ್ಘಾಟನೆಯ ದಿನ ಸೂಜಿಕಣ್ಣಿ ಕೈಕಟ್ಟಿ ದೂರ ನಿಂತಿದ್ದಳು. ಭಾಷಣ ಮುಗಿದು ಕಿಟಕಿಗಳು ಬೆಳಗಿದವು. ಆಗ ಯುವತಿ ಮೈಕು ಹಿಡಿದು, "ಇನ್ನೊಂದು ದೀಪ ಹಿಂದಿದೆ, ಬನ್ನಿ" ಎಂದಳು. ಜನ ಓಣಿಗೆ ನುಗ್ಗಿದರು. ಬೋಳು ಗಾರೆಯ ಮೇಲೆ ಬೆಳಕಿನ ಗೆರೆಗಳಲ್ಲಿ ಒಂದು ಬಾಗಿಲು, ಅದರ ನಡುವೆ ಕೆಂಪು ಬೀಗ.

"ಯಾರು ಹೇಳಿದ್ದು ಇದನ್ನ ಮಾಡೋಕೆ? ಆರಿಸ್ರೀ!" ಎಂದು ನಗರಸಭೆಯ ಅಧಿಕಾರಿ ಗದರಿದ. ತಂಗಿಯ ಗಂಡ, ಯಾರಿಗೂ ಎದುರಾಡದವನು, ದೀಪದ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ. ಸತ್ತವರ ಮನೆಯವರೆಲ್ಲ ಅವನ ಅಕ್ಕಪಕ್ಕ ಬಂದು ನಿಂತರು. ಅಷ್ಟು ಜನರನ್ನು ಸರಿಸುವ ಧೈರ್ಯ ಯಾರಿಗೂ ಬರಲಿಲ್ಲ.

"ನಾಳೇನೂ ಉರಿಯುತ್ತಾ ಇದು?" ಸೂಜಿಕಣ್ಣಿ ಯುವತಿಯನ್ನು ಕೇಳಿದಳು.

"ದಿನಾ ಉರಿಯುತ್ತಮ್ಮ."

"ನೋಡೋಣ."

ಅಂದಿನಿಂದ ಸಂಜೆಯಾದರೆ ಓಣಿಗೆ ಹೋಗಿ ನೋಡಿ ಬರುತ್ತಾಳೆ. ಒಮ್ಮೆ, ದುರಸ್ತಿಯ ನೆಪದಲ್ಲಿ ಹಿಂದಿನ ದೀಪ ಮಾತ್ರ ಆರಿತ್ತು. ಮರುದಿನ ಹೊಲಿಗೆ ಬುಟ್ಟಿ ಎತ್ತಿಕೊಂಡು ನಗರಸಭೆಯ ಮೆಟ್ಟಿಲ ಮೇಲೆ ಕೂತಳು. ಸಂಜೆಯೊಳಗೆ ದುರಸ್ತಿ ಮುಗಿದಿತ್ತು.