ನನ್ನ ಮುಖ ನೋಡಿ ಹುಟ್ಟು ಹಾಕಿದವನು

೧೯೮೧ರ ದೀಪಾವಳಿಗೆ ನನ್ನ ಮೈದುನ ನಾಗರಾಜ ರಜೆಯ ಮೇಲೆ ನಮ್ಮೂರು ಬುಕ್ಕಾಂಬುಧಿಗೆ ಬಂದಿದ್ದ. ಮಿಲಿಟರಿಯಲ್ಲಿದ್ದ ಅವನನ್ನು, ಎತ್ತರದ ಆಳೆಂದು, ದೋಣಿ ಸ್ಪರ್ಧೆಗೆ ಆರಿಸಿ ಎರಡು ಸಲ ಹೊರದೇಶಕ್ಕೂ ಕಳುಹಿಸಿದ್ದರು. ಅವನ ಹೆಸರು ಬಂದ ಇಂಗ್ಲಿಷ್ ಪೇಪರನ್ನು, ನಾನು ಕಾನ್ವೆಂಟಿನಲ್ಲಿ ಓದಿದವಳೆಂದು, ಅತ್ತೆ ನನ್ನಿಂದಲೇ ಓದಿಸಿ ಕೇಳುತ್ತಿದ್ದರು.

ಹಬ್ಬಕ್ಕೆ ಮುಂಚೆ ಕೌದಿ ಒಗೆಯಲು ಪಕ್ಕದ ಮನೆಯ ಗಿರಿಜಕ್ಕನೂ ನಾನೂ ಕೆರೆಗೆ ಹೋದೆವು. ಗಂಟು ಹೊತ್ತು ನಾಗರಾಜನೂ ಬಂದ.

"ಏನೋ, ಫಾರಿನ್ನಲ್ಲಿ ಹಿಂದುಮುಂದಾಗಿ ಕೂತ್ಕಂಡು ದೋಣಿ ಬಿಡ್ತೀಯಂತಲ್ಲೋ! ದಾರಿ ಯಾರು ನೋಡ್ತಾರೋ?" ಎಂದಳು ಗಿರಿಜಕ್ಕ.

"ಅದಕ್ಕೇ ಒಬ್ಬ ನಮ್ಮೆದುರು ಕೂತಿರ್ತಾನೆ ಕಣಕ್ಕಾ. ಅವನ ಮುಖ ನೋಡ್ಕಂಡು ನಾವು ಹುಟ್ಟು ಹಾಕೋದು."

"ಹಂಗಾರೆ ಮದುವೆ ಆದ್ಮೇಲೆ ಕಷ್ಟ ಆಗಲ್ಲ ಬಿಡು!"

ಮೂವರೂ ನಕ್ಕೆವು.

ಅಷ್ಟರಲ್ಲಿ ಅವಳ ಕೆಂಪು ಪ್ಲಾಸ್ಟಿಕ್ ಕೊಡ ಗಾಳಿಗೆ ತೇಲಿಹೋಯಿತು. ಹಿಡಿಯಲು ನೀರಿಗಿಳಿದವಳು ಹೊಲಕ್ಕೆಂದು ಗೋಡುಮಣ್ಣು ತೆಗೆದಿದ್ದ ಗುಂಡಿಗೆ ಜಾರಿದಳು. ಹೇಗೋ ಕೊಡ ತಬ್ಬಿಕೊಂಡಳು. ಗಾಳಿ ಅವಳನ್ನು ಕೊಡದ ಸಮೇತ ನಡುಕೆರೆಗೆ ಒಯ್ಯುತ್ತಿತ್ತು. ಈಜಿ ಮುಟ್ಟುವಷ್ಟು ಹತ್ತಿರವಿರಲಿಲ್ಲ. ಮೀನು ಹಿಡಿಯುವವರ ಮರದ ದೋಣಿಯೊಂದು ದಡದಲ್ಲಿತ್ತು. ನಾಗರಾಜ ಅದನ್ನು ನೂಕಿ ಹತ್ತಿ, ಅಭ್ಯಾಸದಂತೆ ದಡಕ್ಕೆ ಮುಖ ಮಾಡಿ ಕೂತ.

"ಅತ್ತಿಗೆ, ನಂಗೆ ಹಿಂದೆ ಕಾಣಲ್ಲ. ಅವಳು ಇರೋ ಕಡೆ ಕೈ ತೋರಿಸ್ತಾ ಇರಿ!"

ನಾನು ಕೈ ಚಾಚಿ ನಿಂತೆ. ಗಿರಿಜಕ್ಕ ವಾಲಿದತ್ತ ನನ್ನ ಕೈ ವಾಲುತ್ತಿತ್ತು, ದೋಣಿಯೂ ಅತ್ತಲೇ ತಿರುಗುತ್ತಿತ್ತು. ಆ ಭಾರದ ದೋಣಿ ಅಷ್ಟು ಬೇಗ ಓಡಬಹುದೆಂದು ನಾನೆಣಿಸಿರಲಿಲ್ಲ. ಅವನ ಕಣ್ಣು ಒಂದು ಕ್ಷಣವೂ ನನ್ನನ್ನು ಬಿಡಲಿಲ್ಲ.

ಇನ್ನೇನು ಮುಟ್ಟಿಬಿಡುತ್ತಾನೆ ಎನ್ನುವಾಗ ಕೊಡ ಅವಳ ಕೈಯಿಂದ ಪುಟಿದು ದೂರ ಸರಿಯಿತು. ಹಸಿರು ಬಳೆಯ ಕೈಯೊಂದು ಕಂಡಿತು. ಆಮೇಲೆ ಬರೀ ನೀರು.

ನಾನು ಕೂಗಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಆದರೆ ನನ್ನ ಮುಖ ನೋಡುತ್ತಿದ್ದ ನಾಗರಾಜ, ತಿರುಗಿಯೂ ನೋಡದೆ, ಹುಟ್ಟು ಕೈಬಿಟ್ಟ. ನಂತರ ಹಾರಿ, ಮುಳುಗಿ ಮುಳುಗಿ ಹುಡುಕಿದ. ಗಿರಿಜಕ್ಕ ಸಿಕ್ಕಿದ್ದು ಸಂಜೆಗೆ. ಒಗೆದು ಹಿಂಡಿಟ್ಟಿದ್ದ ಕೌದಿಯನ್ನೇ ಅವಳಿಗೆ ಹೊದಿಸಿದರು.

ಮರುವರ್ಷ ಅವನನ್ನು ಮತ್ತೆ ಹೊರದೇಶಕ್ಕೆ ಆರಿಸಿದರು. ಅವನು ಹೋಗಲಿಲ್ಲ. ಆಮೇಲೆ ದೋಣಿಯನ್ನೇ ಬಿಟ್ಟ.

"ಯಾಕಪ್ಪಾ?" ಎಂದು ಕೇಳಿದೆ.

"ಎದುರಿಗೆ ಕೂತೋನ ಮುಖ ನೋಡ್ತಿದ್ದಂಗೆ ಕೈ ನಿಂತೋಗ್ತದೆ ಅತ್ತಿಗೆ." ಹಾಗೆನ್ನುವಾಗ ಅವನು ಬಾಗಿಲ ಕಡೆ ನೋಡುತ್ತಿದ್ದ.

ಅಂದು ನಾನು ಮುಖ ಬಿಗಿಹಿಡಿದಿದ್ದರೂ ಗಿರಿಜಕ್ಕ ಉಳಿಯುತ್ತಿರಲಿಲ್ಲ, ಗೊತ್ತು. ಆದರೂ ನಾಗರಾಜ ಮನೆಗೆ ಬಂದಾಗಲೆಲ್ಲ, ಬಾಗಿಲು ತೆರೆಯುವ ಮುನ್ನ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಳ್ಳುತ್ತೇನೆ.